ಪೈಲಟ್‌ಗೆ ಕಣ್ಣಿಲ್ಲ, ರೆಫರಿಗೆ ಬುದ್ಧಿ ಇಲ್ಲ

ತಿಂಗಳಿಗೆ ಎರಡು ಭಾನುವಾರ ನಾವು ಐದಾರು ಜನ ಬಸವನಗುಡಿಯ ನಮ್ಮ ಮನೆಯ ಮಹಡಿಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತೇವೆ. ನಡುವೆ ಒಂದು ತಟ್ಟೆ ಚಕ್ಕುಲಿ, ಒಂದಿಷ್ಟು ದಾಳ, ಪೆನ್ಸಿಲ್ಲು. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಸಾಗಿಸುತ್ತೇವೆ. ಆಟದ ಹೆಸರು ಟ್ರಾವೆಲರ್. 1977ರಲ್ಲಿ ಅಮೆರಿಕದ ಮಾರ್ಕ್ ಮಿಲ್ಲರ್ ಹೊರತಂದ ಆಟ. ನಾವು ಆಡುವುದು ಅದರ ಈಚಿನ ಆವೃತ್ತಿಯನ್ನು. ಇಂಥ ಆಟ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ತಾಳಮದ್ದಳೆ ನೆನಪಿಸಿಕೊಳ್ಳಿ ಅನ್ನುತ್ತೇನೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಕುರುಕ್ಷೇತ್ರ ಕಟ್ಟುವುದು. ವ್ಯತ್ಯಾಸ ಇಷ್ಟೇ: ಪ್ರಸಂಗ ಮೊದಲೇ ಬರೆದಿರುವುದಿಲ್ಲ, ಬಾಣ ತಾಗಿತೋ ಇಲ್ಲವೋ ಎಂದು ಎರಡು ದಾಳ ಹೇಳುತ್ತವೆ. ಕಥೆ ನಡೆಸುವವನಿಗೆ ಈ ಆಟದಲ್ಲಿ ರೆಫರಿ ಎಂದು ಹೆಸರು. ಆ ಕೆಲಸ ನನ್ನದು, ಬೇರೆ ಯಾರೂ ಒಪ್ಪದ ಕಾರಣಕ್ಕೆ.

ಟ್ರಾವೆಲರ್‌ನಲ್ಲಿ ಪಾತ್ರ ಕಟ್ಟುವುದೇ ಒಂದು ಆಟ. ಹದಿನೆಂಟನೇ ವಯಸ್ಸಿನಿಂದ ನಾಲ್ಕು ನಾಲ್ಕು ವರ್ಷದ ಅವಧಿಗಳಾಗಿ ಪಾತ್ರದ ಬದುಕನ್ನು ದಾಳದಲ್ಲಿ ಉರುಳಿಸುತ್ತಾ ಬರಬೇಕು. ನಮ್ಮ ಗುಂಪಿನ ಹುಡುಗಿಯೊಬ್ಬಳು, ಸಾಫ್ಟ್‌ವೇರ್ ಟೆಸ್ಟರ್, ಹೊಸ ಪೈಲಟ್ ಪಾತ್ರ ಕಟ್ಟುತ್ತಿದ್ದಾಗ ಎರಡನೇ ಅವಧಿಯಲ್ಲೇ ಅವಘಡ ಬಿತ್ತು; ಗಾಯದ ಪಟ್ಟಿಯಲ್ಲಿ ಕಣ್ಣೋ ಕೈಕಾಲೋ ಕಳೆದುಕೊಳ್ಳುವ ಸಾಲು ಬಂತು. ಆಕೆ ಒಂದು ಕ್ಷಣ ಯೋಚಿಸಿ ‘ಎರಡೂ ಕಣ್ಣು’ ಎಂದು ಬರೆದಳು. ಪೈಲಟ್ ಅನ್ನುವುದನ್ನು ಮಾತ್ರ ಅಳಿಸಲಿಲ್ಲ. ಪಾತ್ರಕ್ಕೆ ತನ್ನ ಅಜ್ಜಿಯ ಹೆಸರಿಟ್ಟಳು: ಭಾಗೀರಥಿ. ಆರು ಅವಧಿ ಮುಗಿದು, ನಲವತ್ತೆರಡರ ಹರೆಯದಲ್ಲಿ, ಇನ್ನೂರು ಟನ್ನಿನ ಹಳೇ ವ್ಯಾಪಾರಿ ಹಡಗು ‘ಹೊಗೆಬಂಡಿ’ಯ ಚುಕ್ಕಾಣಿಗೆ ಬಂದು ಕೂತಳು. ನಾನು ತಕ್ಷಣ ಒಪ್ಪಿದೆ. ಒಪ್ಪುವಾಗ ನನ್ನ ವಿಶಾಲ ಹೃದಯದ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಮುಂದಿನದೆಲ್ಲ ಆ ಹೆಮ್ಮೆ ಇಳಿದ ಕಥೆ.

1. ‘ಕಾಣುತ್ತದೆ’ ಎಂದು ಬಾಯಿಬಿಡುವ ಮೊದಲು ಒಂದು ಗುಟುಕು ಕಾಫಿ ಕುಡಿಯಿರಿ.

ಮೊದಲ ದಿನ. ಕೈಬಿಟ್ಟ ಗಣಿ ಠಾಣೆಯೊಂದರ ಬಾಗಿಲು ಸರಿಯಿತು. ನಾನು ವಾರವಿಡೀ ಬರೆದಿಟ್ಟುಕೊಂಡಿದ್ದ ವರ್ಣನೆಯನ್ನು ಗಂಟಲು ಸರಿಮಾಡಿಕೊಂಡು ಓದಿದೆ: ಮಿನುಗುವ ಕೆಂಪು ದೀಪ, ಗೋಡೆಯ ಮೇಲೆ ಒಣಗಿದ ಕಲೆ, ಮೂಲೆಯಲ್ಲಿ ಮಗುಚಿದ ಕುರ್ಚಿ. ಎಲ್ಲರೂ ಏನೇನು ಮಾಡುತ್ತೇವೆಂದು ಹೇಳಿದರು. ಕೊನೆಗೆ ಭಾಗೀರಥಿಯ ಕಡೆ ತಿರುಗಿ, ‘ನಿನಗೆ...’ ಎಂದು ಶುರುಮಾಡಿದವನು ಮುಂದೆ ಏನು ಹೇಳಬೇಕೆಂದು ತೋಚದೆ, ‘ನಿನಗೇನೂ ಕಾಣ್ತಾ ಇಲ್ಲ’ ಎಂದುಬಿಟ್ಟೆ. ಹುಡುಗಿ ತಲೆಯಾಡಿಸಿ ಚಕ್ಕುಲಿ ಮುರಿದಳು. ಮುಂದಿನ ಮುಕ್ಕಾಲು ಗಂಟೆ ಅವಳು ಮಾಡಿದ್ದು ಅದೊಂದೇ ಕೆಲಸ.

ಆಟವನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಆ ರಾತ್ರಿ ಕೇಳಿಸಿಕೊಂಡು ಎಣಿಸಿದೆ. ಐದು ಗಂಟೆಯಲ್ಲಿ ಅರವತ್ತೊಂದು ಸಲ ‘ಕಾಣ್ತಾ ಇದೆ’. ಮುಂದಿನ ಆಟದಿಂದ ಹಾರ್ಲಿಕ್ಸ್ ಡಬ್ಬಿಯೊಂದನ್ನು ದಂಡದ ಡಬ್ಬಿ ಮಾಡಿ, ಸಲಕ್ಕೆ ಹತ್ತು ರೂಪಾಯಿ ಎಂದು ಗೊತ್ತುಮಾಡಿದೆವು. ಚಕ್ಕುಲಿಯ ಖರ್ಚು ಅಲ್ಲಿಂದಲೇ ಹೊರಡುತ್ತದೆ.

ದಂಡದ ಭಯಕ್ಕೆ ಇನ್ನೊಂದು ತುದಿಗೆ ಹೋದೆ. ಕಣ್ಣು ಬೇಡವಾದರೆ ಮೂಗು ಇದೆಯಲ್ಲ! ಒಂದು ತಿಂಗಳು ನಮ್ಮ ವಿಶ್ವದ ಪ್ರತಿಯೊಂದು ಬಂದರೂ ನಾರುತ್ತಿತ್ತು. ನಿಧಾನಕ್ಕೆ ಹದ ಸಿಕ್ಕಿತು. ಈಗ ಒಂದು ಗೋದಾಮಿಗೆ ಕಾಲಿಟ್ಟರೆ ಹೀಗೆ ಹೇಳಲು ನೋಡುತ್ತೇನೆ: ನಿಮ್ಮ ಬೂಟಿನ ಸದ್ದು ತಡವಾಗಿ ವಾಪಸು ಬರುತ್ತಿದೆ, ಅಂದರೆ ಜಾಗ ದೊಡ್ಡದು, ಎಡಗೆನ್ನೆಗೆ ತಣ್ಣನೆ ಗಾಳಿ, ಆ ಕಡೆ ಎಲ್ಲೋ ಬಾಗಿಲು ತೆರೆದಿದೆ, ಕಾಲಡಿಯ ತಗಡು ಸಣ್ಣಗೆ ನಡುಗುತ್ತಿದೆ, ಕೆಳಗೆ ಪಂಪು ಓಡುತ್ತಿದೆ. ಇದರಿಂದ ಭಾಗೀರಥಿಗೆ ಎಷ್ಟು ಉಪಕಾರವಾಯಿತೋ, ಉಳಿದವರಿಗೂ ಅಷ್ಟೇ ಆಯಿತು. ಕೆಂಪು ದೀಪ ಅಂದಾಗ ಯಾರೂ ತಲೆ ಎತ್ತುತ್ತಿರಲಿಲ್ಲ. ಎಡಗೆನ್ನೆಗೆ ತಣ್ಣನೆ ಗಾಳಿ ಅಂದ ದಿನ ಮೂವರು ಒಟ್ಟಿಗೆ ಎಡಕ್ಕೆ ತಿರುಗಿದರು.

2. ನಿರ್ವಾತದಲ್ಲಿ ಸದ್ದು ಹರಿಯುವುದಿಲ್ಲ.

ಇದನ್ನು ಹೈಸ್ಕೂಲಿನಲ್ಲಿ ಗಾಜಿನ ಜಾಡಿಯೊಳಗೆ ಗಂಟೆ ಇಟ್ಟು, ಗಾಳಿ ಹೀರಿ ತೋರಿಸಿದ್ದರು. ನಾನೂ ಆ ದಿನ ಹಾಜರಿದ್ದೆ.

ಆದರೂ ಭಾಗೀರಥಿಗೆ ಒಂದು ‘ವಿಶೇಷ ಶಕ್ತಿ’ ಬರೆದುಕೊಂಡು ಬಂದೆ. ನಾಲಿಗೆಯಿಂದ ಟಕ್ ಎಂದು ಸದ್ದು ಮಾಡಿ, ಮರುದನಿ ಕೇಳಿ, ಹಡಗಿನ ಹೊರಗಿನ ಬಂಡೆಗಳ ದೂರ ಅಳೆಯುತ್ತಾಳೆ ಅಂತ. ಅಮೆರಿಕದ ಡೇನಿಯಲ್ ಕಿಷ್ ಹೀಗೆ ನಾಲಿಗೆಯ ಸದ್ದಿನಿಂದಲೇ ದಾರಿ ಕಂಡುಕೊಂಡು ಸೈಕಲ್ ಕೂಡ ಓಡಿಸುತ್ತಾರೆ ಎಂದು ಓದಿದ್ದೆ. ಓದಿದ್ದು ಸರಿಯೇ. ಆದರೆ ಅವರು ಓಡಿಸುವುದು ಗಾಳಿ ಇರುವ ಬೀದಿಯಲ್ಲಿ. ನಮ್ಮ ಗುಂಪಿನಲ್ಲಿ ಪುತ್ತೂರಿನ ಕಡೆಯ ಭೌತಶಾಸ್ತ್ರದ ಮೇಷ್ಟ್ರೊಬ್ಬರಿದ್ದಾರೆ. ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟು, ‘ಅಲ್ಲ ಮಾರಾಯ, ಹೊರಗೆ ಯಾವ ಗಾಳಿ ಉಂಟು?’ ಎಂದರು. ಅಷ್ಟೇ.

ಗಾಳಿಯ ತಪ್ಪನ್ನು ಅಲ್ಲೇ ತಿದ್ದಿದೆ. ಅದರ ಕೆಳಗಿದ್ದ ತಪ್ಪು ಅರ್ಥವಾಗಲು ಇನ್ನಷ್ಟು ದಿನ ಬೇಕಾಯಿತು. ಕಣ್ಣಿಲ್ಲದ ಪಾತ್ರ ಅಂದಕೂಡಲೇ ನನಗೆ ನೆನಪಾದವರು 1964ರಿಂದ ಕಾಮಿಕ್ಸಿನಲ್ಲಿ ಮಾಡಿನಿಂದ ಮಾಡಿಗೆ ಜಿಗಿಯುತ್ತಿರುವ ಡೇರ್‌ಡೆವಿಲ್, ಮತ್ತು 1987ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ಧಾರಾವಾಹಿಯಲ್ಲಿ ಕಣ್ಣಿನ ಮೇಲೆ ಹೊಳೆಯುವ ಪಟ್ಟಿ ಕಟ್ಟಿಕೊಂಡ ಜಾರ್ಡಿ. ಇಬ್ಬರಿಗೂ ನಮಗಿಂತ ಹೆಚ್ಚೇ ಗೊತ್ತಾಗುತ್ತದೆ. ನಾನು ಮಾಡಹೊರಟಿದ್ದೂ ಅದೇ: ಒಂದು ಕೈಯಲ್ಲಿ ಕಣ್ಣು ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಅದಕ್ಕಿಂತ ಒಳ್ಳೆಯದನ್ನು ಕೊಡುವುದು. ಹುಡುಗಿ ನನ್ನ ಹಾಳೆಯನ್ನು ಮಡಚಿ ವಾಪಸು ಕೊಟ್ಟಳು. ‘ಅಣ್ಣಾ, ನಮ್ಮಜ್ಜಿಗೆ ಬಾವಲಿ ಕಿವಿ ಇರ್ಲಿಲ್ಲ. ಅಭ್ಯಾಸ ಇತ್ತು.’

3. ಮೈನಸ್ ಎರಡು ಹಾಕುವ ಮೊದಲು ಕಿಟಕಿಯಾಚೆ ಏನಿದೆ ಎಂದು ಕೇಳಿಕೊಳ್ಳಿ.

ಶಕ್ತಿ ಬೇಡ ಅಂದಮೇಲೆ ಶಿಕ್ಷೆ ಕೊಟ್ಟೆ. ಭಾಗೀರಥಿ ಹಡಗು ನಡೆಸುವ ಪ್ರತಿ ಸಲ ದಾಳದಲ್ಲಿ ಎರಡು ಕಳೆಯಬೇಕು. ನ್ಯಾಯ ಅನ್ನಿಸಿತ್ತು. ಲೆಕ್ಕ ಹಾಕಿದರೆ ಅನ್ಯಾಯ ಗೊತ್ತಾಗುತ್ತದೆ. ಎರಡು ದಾಳ ಉರುಳಿಸಿ ಎಂಟು ಅಥವಾ ಹೆಚ್ಚು ಬಂದರೆ ಗೆಲುವು. ಭಾಗೀರಥಿಗೆ ಕೌಶಲ, ಕೈಚಳಕ ಸೇರಿ ಮೂರು ಅಂಕ ಕೂಡಿಸುವುದಿತ್ತು. ಅಂದರೆ 36ರಲ್ಲಿ 30 ಸಲ ಗೆಲ್ಲಬೇಕಾದವಳು. ನನ್ನ ಮೈನಸ್ ಎರಡರಿಂದ ಅದು 21ಕ್ಕೆ ಇಳಿಯಿತು. ಎರಡು ದಶಕ ಹಡಗು ನಡೆಸಿದವಳು ನಿನ್ನೆ ಲೈಸೆನ್ಸ್ ತೆಗೆದುಕೊಂಡವರ ಥರ ಬಂದರಿನ ಕಟ್ಟೆಗೆಲ್ಲ ಗುದ್ದಿಕೊಂಡು ಹೋಗತೊಡಗಿದಳು. ಹೊಗೆಬಂಡಿಯ ರಿಪೇರಿ ಖರ್ಚು ಏರಿತು. ಉಳಿದ ಆಟಗಾರರು, ಬಾಯಿಬಿಟ್ಟು ಹೇಳದಿದ್ದರೂ, ಬೇರೆ ಪೈಲಟ್ ಇದ್ದಿದ್ದರೆ ಅನ್ನುವ ಮುಖ ಮಾಡಿಕೊಂಡು ಕೂತರು. ಆ ಮುಖಗಳಿಗೆ ಕಾರಣ ನಾನು.

ಮತ್ತೆ ಮೇಷ್ಟ್ರೇ ದಾರಿ ತೋರಿದ್ದು. ‘ಕಣ್ಣಿದ್ದವ ಕಿಟಕಿಯಲ್ಲಿ ಏನು ನೋಡ್ತಾನೆ, ಹೇಳು’ ಎಂದರು. ನಿಯಮದ ಪುಸ್ತಕ ತೆರೆದು ನೋಡಿದೆ. ಹಡಗುಗಳ ನಡುವೆ ‘ಮಧ್ಯಮ ದೂರ’ ಅಂದರೆ 10,000 ಕಿಲೋಮೀಟರ್‌ವರೆಗೆ. ಬೆಂಗಳೂರಿಂದ ಲಂಡನ್ ಸುಮಾರು 8,000. ಅಷ್ಟು ದೂರದ ಹಡಗು ಯಾರ ಕಣ್ಣಿಗೂ ಕಾಣದು. ಅಲ್ಲಿ ಪೈಲಟ್ ನಡೆಸುವುದು ಅಂಕಿಗಳನ್ನು: ದೂರ, ವೇಗ, ದಿಕ್ಕು. ಅಂಕಿ ಪರದೆಯ ಮೇಲೆ ಬಂದರೇನು, ಬೆರಳ ತುದಿಗೆ ಬಂದರೇನು!

ನಿಜ ಬದುಕಿನಲ್ಲಿ ಇದಕ್ಕೆ ತಿರುಗುಮುರುಗಾದ ಒಂದು ಪ್ರಸಂಗವೇ ಇದೆ. 1997ರ ಜೂನ್ 25ರಂದು ರಷ್ಯದ ಮಿರ್ ನಿಲ್ದಾಣಕ್ಕೆ ಸರಕಿನ ನೌಕೆಯೊಂದನ್ನು ಕೈಯಾರೆ ತಂದು ಜೋಡಿಸುವ ಪ್ರಯೋಗ ನಡೆದಿತ್ತು. ದೂರ ಹೇಳುವ ರೇಡಾರ್ ವ್ಯವಸ್ಥೆಯನ್ನು ಆರಿಸಿದ್ದರು. ನಿಲ್ದಾಣದ ಮುಖ್ಯಸ್ಥ ವಾಸಿಲಿ ತ್ಸಿಬ್ಲಿಯೆವ್ ನೆಚ್ಚಿಕೊಂಡದ್ದು ಟಿವಿ ಪರದೆಯ ಚಿತ್ರವನ್ನು. ಆ ಚಿತ್ರದಲ್ಲಿ ಹಿಂದೆ ಭೂಮಿಯ ಮೋಡ, ಮುಂದೆ ನಿಲ್ದಾಣ. ಎಷ್ಟು ಹತ್ತಿರ, ಎಷ್ಟು ವೇಗ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ನೌಕೆ ಬಂದು ಸ್ಪೆಕ್ಟರ್ ಎಂಬ ಭಾಗಕ್ಕೆ ಅಪ್ಪಳಿಸಿತು, ಗಾಳಿ ಸೋರತೊಡಗಿತು, ಆ ಭಾಗದ ಬಾಗಿಲನ್ನೇ ಮುಚ್ಚಬೇಕಾಯಿತು. ಅನುಭವಿ ಪೈಲಟ್, ಎರಡು ಒಳ್ಳೆಯ ಕಣ್ಣು. ಇಲ್ಲದ್ದು ಅಂಕಿ.

ಮೈನಸ್ ಎರಡನ್ನು ಆ ಸಂಜೆಯೇ ಹೊಡೆದುಹಾಕಿದೆ. ‘ಇಷ್ಟು ದಿನ ಕಳೆದದ್ದಕ್ಕೆ ಬಡ್ಡಿ?’ ಎಂದು ಹುಡುಗಿ ಕೇಳಿದಳು. ಹಡಗಿಗೆ ಹೊಸ ಬಣ್ಣ ಹೊಡೆಸಿಕೊಟ್ಟೆ. ಕಣ್ಣು ಕಾಣದ ಪೈಲಟ್‌ಗೆ ಬಣ್ಣದ ಪರಿಹಾರ ಎಂದು ಎಲ್ಲರೂ ಮನೆಗೆ ಹೋದಮೇಲೆ ಹೊಳೆಯಿತು.

4. ಕರೆಂಟ್ ತೆಗೆಯುವುದು ಒಂದು ಸಲ ಸಾಕು.

ದೀಪ ಆರುತ್ತದೆ, ಎಲ್ಲರೂ ಕಂಗಾಲು, ಭಾಗೀರಥಿ ಮಾತ್ರ ನಿರಾಳವಾಗಿ ನಡೆದು ಎಲ್ಲರನ್ನೂ ಪಾರುಮಾಡುತ್ತಾಳೆ. ಮೊದಲ ಸಲ ಚೆನ್ನಾಗಿತ್ತು. ಮೂರನೇ ಸಲಕ್ಕೆ ಯಾರೋ ‘ಬೇಸಿಗೆ ಬಂತಾ?’ ಎಂದರು. ಕಣ್ಣಿಲ್ಲದವರು ಕಥೆಯಲ್ಲಿ ಇರುವುದೇ ಕತ್ತಲಾದಾಗ ಉಪಯೋಗಕ್ಕೆ ಬರಲಿ ಅಂತ ಅನ್ನುವ ಹಾಗಾಯಿತು.

ಕಣ್ಣು ಕೈಕೊಡುವ ಪ್ರಸಂಗವನ್ನೇ ಬರೆಯಬೇಕೆಂದಿದ್ದರೆ ಹ್ಯಾಡ್‌ಫೀಲ್ಡ್ ಕಥೆ ಓದಿ. 2001ರ ಏಪ್ರಿಲ್‌ನಲ್ಲಿ ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ನೌಕೆಯ ಹೊರಗೆ ಕೆಲಸ ಮಾಡುತ್ತಿದ್ದಾಗ ಶಿರಸ್ತ್ರಾಣದ ಗಾಜಿಗೆ ಸವರಿದ್ದ ದ್ರವ ಒಂದು ಕಣ್ಣಿಗೆ ಹೋಯಿತು. ತೂಕವಿಲ್ಲದಲ್ಲಿ ಕಣ್ಣೀರು ಕೆಳಗೆ ಬೀಳುವುದಿಲ್ಲ. ಉಂಡೆಯಾಗಿ ಅಲ್ಲೇ ನಿಂತು ಇನ್ನೊಂದು ಕಣ್ಣಿಗೂ ಹರಡಿತು. ಸ್ವಲ್ಪ ಹೊತ್ತು ಎರಡೂ ಕಣ್ಣು ಇಲ್ಲ. ಅವರು ಕಿರುಚಲಿಲ್ಲ, ಒಳಗೆ ಓಡಲಿಲ್ಲ. ಭೂಮಿಯವರ ಜೊತೆ ಮಾತಾಡುತ್ತಾ, ಕಣ್ಣು ತಿಳಿಯಾಗಲು ಕಾದು, ಕೆಲಸ ಮುಗಿಸಿ ಬಂದರು. ನನ್ನ ಆಟದಲ್ಲಿ ದೀಪ ಆರಿದಾಗೆಲ್ಲ ಕಣ್ಣಿದ್ದವರು ಮಕ್ಕಳ ಹಾಗೆ ಅರಚುತ್ತಿದ್ದರು. ಭಾಗೀರಥಿಯನ್ನು ಎತ್ತರಿಸಲು ಉಳಿದವರನ್ನು ಕುಳ್ಳಗಾಗಿಸಿದ್ದೆ.

5. ಕಿವಿ ಇರುವುದು ಎರಡೇ.

ಹಡಗಿನ ಚುಕ್ಕಾಣಿ ಕೋಣೆ ಹೇಗಿರಬೇಕೆಂದು ನಾನು ಹುಡುಕಾಡಿದಷ್ಟು ನನ್ನ ಸ್ವಂತ ಮನೆಯ ಅಡುಗೆಮನೆಗೂ ಹುಡುಕಾಡಿರಲಿಲ್ಲ. ಪೋರ್ಟರಿಕೋದ ಖಗೋಳಶಾಸ್ತ್ರಜ್ಞೆ ವಾಂಡಾ ಡಿಯಾಜ್-ಮರ್ಸೆಡ್ ದೃಷ್ಟಿ ಕಳೆದುಕೊಂಡ ಮೇಲೆ ದೂರದರ್ಶಕದ ದತ್ತಾಂಶವನ್ನು ಸದ್ದಾಗಿ ಬದಲಿಸಿ ಕೇಳುತ್ತಾ ಸಂಶೋಧನೆ ಮುಂದುವರಿಸಿದವರು. ಕಣ್ಣು ಕಾಣದ, ಬ್ರಿಟನ್ನಿನ ಮೈಲ್ಸ್ ಹಿಲ್ಟನ್-ಬಾರ್ಬರ್ 2007ರಲ್ಲಿ ಲಂಡನ್ನಿಂದ ಸಿಡ್ನಿವರೆಗೆ ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ ಹಾರಿದರು. ಉಪಕರಣಗಳು ಬಾಯಿಬಿಟ್ಟು ಅಂಕಿ ಹೇಳುತ್ತಿದ್ದವು, ಪಕ್ಕದಲ್ಲಿ ಕಣ್ಣು ಕಾಣುವ ಸಹಪೈಲಟ್ ಇದ್ದರು. ಇದನ್ನೆಲ್ಲ ಓದಿ ಉಬ್ಬಿಹೋಗಿ ಭಾಗೀರಥಿಯ ಕೋಣೆಗೆ ಇಪ್ಪತ್ತೆರಡು ಬಗೆಯ ಸದ್ದು ಬರೆದೆ. ಇಂಧನಕ್ಕೆ ತಂಬೂರಿ, ಕ್ಷಿಪಣಿಗೆ ಜಾಗಟೆ, ಶತ್ರು ಹಡಗಿಗೆ ಚಂಡೆ. ಮೊದಲ ಯುದ್ಧದಲ್ಲೇ ಜಾತ್ರೆಯಾಯಿತು. ಯಾವ ಸದ್ದು ಯಾವುದಕ್ಕೆ ಎಂದು ನನಗೇ ನೆನಪಿರಲಿಲ್ಲ.

ಆಗಲೇ ಒಬ್ಬ ಗೆಳೆಯರನ್ನು ಕಂಡು ಮಾತಾಡಬೇಕೆನ್ನಿಸಿದ್ದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು ಅನ್ನುವುದು ಕೂಡ ಒಂದು ಪಾಠ. ನಂಬರು ಹಾಕಲು ನಾಚಿಕೆಯಾಗುತ್ತದೆ. ಬ್ಯಾಂಕಿನಲ್ಲಿ ಅಧಿಕಾರಿ. ಹುಟ್ಟಿನಿಂದ ಕಣ್ಣು ಕಾಣದು. ಅವರ ಮನೆಗೆ ಹೋದಾಗ ಫೋನಿನಲ್ಲಿ ಏನನ್ನೋ ಕೇಳುತ್ತಿದ್ದರು. ಪರದೆ ಓದುವ ತಂತ್ರಾಂಶದ ದನಿ ಎಷ್ಟು ವೇಗವಾಗಿತ್ತೆಂದರೆ ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸಿತು, ಒಂದು ಪದವೂ ತಿಳಿಯಲಿಲ್ಲ. ಅವರು ನಿಧಾನವಾಗಿ ಕಾಫಿ ಕುಡಿಯುತ್ತಾ ಕೇಳಿದರು. ನಾನು ಗಮನಿಸಿದ್ದು ಇನ್ನೊಂದು: ಇಯರ್‌ಫೋನು ಒಂದೇ ಕಿವಿಗೆ. ‘ಇನ್ನೊಂದು ಮನುಷ್ಯರಿಗೆ ಸಾರ್’ ಎಂದರು. ‘ಎರಡಕ್ಕೂ ಸಿಗಿಸ್ಕೊಂಡ್ರೆ ನಾನು ನಿಜವಾಗ್ಲೂ ಒಬ್ಬನೇ ಆಗ್ಬಿಡ್ತೀನಿ.’

ಮನೆಗೆ ಬಂದು ಇಪ್ಪತ್ತೆರಡು ಸದ್ದಿನಲ್ಲಿ ಹತ್ತೊಂಬತ್ತನ್ನು ಹೊಡೆದುಹಾಕಿದೆ. ಉಳಿದ ಮಾಹಿತಿ ಕೈಗೆ ಹೋಯಿತು. ಹಲವು ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ಹಿಡಿತ ತಪ್ಪುವ ಮುನ್ನ ಚಾಲಕನ ಕೈಯಲ್ಲಿರುವ ಹಿಡಿಯೇ ಗಡಗಡ ನಡುಗುವಂತೆ ಮಾಡಿರುತ್ತಾರೆ. ಕಣ್ಣಿದ್ದವರಿಗೂ ಅಪಾಯವನ್ನು ಕೈಗೇ ಹೇಳುತ್ತಾರೆ. ಹೊಗೆಬಂಡಿಯ ಚುಕ್ಕಾಣಿಯೂ ಈಗ ಹಾಗೆಯೇ. ಎಡಗೈ ಅಡಿಯಲ್ಲಿ ಉಬ್ಬು ಚುಕ್ಕೆಗಳ ಪಟ್ಟಿ, ಬಲಗೈಯಲ್ಲಿ ನಡುಗುವ ಹಿಡಿ, ಒಂದು ಕಿವಿಗೆ ಮೂರು ಸದ್ದು. ಇನ್ನೊಂದು ಕಿವಿ ಸಿಬ್ಬಂದಿಗೆ. ಅಲ್ಲಿಂದಾಚೆ ಯುದ್ಧದ ನಡುವೆ ಭಾಗೀರಥಿ ಎಲ್ಲರೊಡನೆ ಜಗಳವಾಡತೊಡಗಿದಳು. ಆಟ ಜೀವ ತಳೆದದ್ದು ಆಗ.

6. ಹೊಸ ಕಣ್ಣು ಬಹುಮಾನವಲ್ಲ.

ಇದು ನನ್ನ ಅತಿ ದೊಡ್ಡ ತಪ್ಪು. ಎಂಟು ತಿಂಗಳ ಕಥೆಯ ಕೊನೆಗೆ ಕಟ್ಟಿಟ್ಟಿದ್ದ ತಪ್ಪು.

ಟ್ರಾವೆಲರ್ ಲೋಕದಲ್ಲಿ ದುಡ್ಡಿದ್ದರೆ ಅಂಗಾಂಗವನ್ನೂ ಬದಲಿಸಿಕೊಳ್ಳಬಹುದು. ಹಾಗಾದರೆ ಭಾಗೀರಥಿ ಯಾಕೆ ಬದಲಿಸಿಕೊಂಡಿಲ್ಲ ಎಂದು ನಾನು ಆರಂಭದಲ್ಲೇ ಹುಡುಗಿಯ ಬೆನ್ನು ಬಿದ್ದಿದ್ದೆ. ಗನ್ನರ್ ಪಾತ್ರಕ್ಕೆ ಬೊಕ್ಕತಲೆ ಯಾಕಿದೆ, ಕೂದಲು ನೆಡಿಸಿಕೊಳ್ಳಬಾರದಿತ್ತೇ ಎಂದು ಅದರ ಆಟಗಾರನನ್ನು ನಾನು ಎಂದೂ ಕೇಳಿರಲಿಲ್ಲ. ಅವಳು ಹೇಳಿದ ಕಾರಣ ಸರಳ: ಸಾಲ. ಈ ಆಟದಲ್ಲಿ ಹಡಗು ಕೊಳ್ಳುವುದೆಂದರೆ ಅದರ ಬೆಲೆಯ 240ನೇ ಒಂದು ಭಾಗವನ್ನು ತಿಂಗಳು ತಿಂಗಳು, 480 ತಿಂಗಳು ಕಟ್ಟುವುದು. ನಲವತ್ತು ವರ್ಷ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ವಿವರಿಸಬೇಕಿಲ್ಲ.

ನಾನು ಅದನ್ನು ‘ನುಂಗಿಕೊಂಡ ನೋವು’ ಎಂದು ಅರ್ಥ ಮಾಡಿಕೊಂಡೆ. ಕೊನೆಯ ದಿನ ಒಬ್ಬ ನಿಗೂಢ ಶ್ರೀಮಂತ ಬಂದು, ಭಾಗೀರಥಿಯ ಉಪಕಾರಕ್ಕೆ ಪ್ರತಿಯಾಗಿ ಅವಳದೇ ಜೀವಕೋಶದಿಂದ ಬೆಳೆಸಿದ ಜೋಡಿ ಕಣ್ಣುಗಳನ್ನು ಬೆಳ್ಳಿ ಪೆಟ್ಟಿಗೆಯಲ್ಲಿ ಇಟ್ಟು ಕೊಟ್ಟ. ಫೋನಿನಲ್ಲಿ ಕೊಳಲು ಹಾಕಿದ್ದೆ. ನನ್ನ ಗಂಟಲೂ ಸ್ವಲ್ಪ ಕಟ್ಟಿತ್ತು. ಹುಡುಗಿ ಪೆಟ್ಟಿಗೆಯ ಮೇಲೆ ಕೈಯಾಡಿಸಿದ ಹಾಗೆ ಮಾಡಿ, ಭಾಗೀರಥಿಯ ದನಿಯಲ್ಲಿ ಕೇಳಿದಳು:

‘ಮಾರಿದ್ರೆ ಎಷ್ಟು ಸಿಗುತ್ತೆ?’

ನಾನು ಕೊಳಲು ನಿಲ್ಲಿಸಿದೆ. ಹಡಗಿನವರು ಅದನ್ನು ಮಾರಿದರು. ಬಾಕಿ ಬಿದ್ದಿದ್ದ ಕಂತು ತೀರಿತು, ಹಿಂಭಾಗದ ಎಂಜಿನ್ನೂ ರಿಪೇರಿಯಾಯಿತು. ಎರಡು ದಿನ ನನಗೆ ಸಿಟ್ಟಿತ್ತು. ಆಮೇಲೆ ಬ್ಯಾಂಕಿನ ಗೆಳೆಯರಿಗೆ ಹೇಳಿಕೊಂಡೆ, ಅವರಾದರೂ ನನ್ನ ಪಕ್ಷ ವಹಿಸಲಿ ಎಂದು. ಅವರು ಬಿದ್ದುಬಿದ್ದು ನಕ್ಕರು. ‘ನಿಮಗೇ ಯಾರಾದ್ರೂ ಕಣ್ಣು ಕೊಡ್ತೀನಿ ಅಂದ್ರೆ?’ ಎಂದು ಕೇಳಿದ್ದಕ್ಕೆ ನಗು ನಿಲ್ಲಿಸಿ ಯೋಚಿಸಿದರು. ‘ಗೊತ್ತಿಲ್ಲ ಸಾರ್. ಬೇಡ ಅಂತ ಹೇಳೋಕೂ ಆಗಲ್ಲ. ಆದ್ರೆ ಅದಕ್ಕೆ ಮೊದ್ಲು ಈ ಆಪ್‌ಗಳ ಬಟನ್ನುಗಳಿಗೆ ಹೆಸರು ಹಾಕಿಸಿ ಕೊಡಿ. ಬೆರಳಿಟ್ಟಲ್ಲೆಲ್ಲಾ ಬಟನ್, ಬಟನ್, ಬಟನ್ ಅನ್ನುತ್ತೆ. ಯಾವ ಬಟನ್ನೋ ದೇವರಿಗೇ ಗೊತ್ತು.’

ಮುಂದಿನ ಪ್ರಸಂಗದಲ್ಲಿ ಹೊಗೆಬಂಡಿ ಹೊಸ ಬಂದರಿಗೆ ಹೋದಾಗ ಅಲ್ಲಿನ ಇಳಿದಾಣದ ಫಲಕದಲ್ಲಿ ಒಂದು ಗುಂಡಿಗೂ ಹೆಸರಿರಲಿಲ್ಲ. ಭಾಗೀರಥಿ ಆ ಬಂದರಿನ ಅಧಿಕಾರಿಯನ್ನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು.

7. ಉಪ್ಪಿನ ಡಬ್ಬಿಯನ್ನು ಅದರ ಜಾಗದಲ್ಲೇ ಇಡಿ.

ಹುಡುಗಿಯ ಅಜ್ಜಿಗೆ ಗ್ಲಾಕೋಮಾದಿಂದ ಕಣ್ಣು ಹೋಗಿತ್ತಂತೆ. ಆದರೂ ಅಡುಗೆಮನೆ ಬಿಟ್ಟುಕೊಡಲಿಲ್ಲ. ಹಾಲು ಉಕ್ಕುವ ಮೊದಲು ಪಾತ್ರೆಯ ಸದ್ದು ಬದಲಾಗುವುದು ಅವರಿಗೆ ತಿಳಿಯುತ್ತಿತ್ತು. ಅಡುಗೆಮನೆಗೆ ಒಂದೇ ಕಾನೂನು: ಉಪ್ಪಿನ ಡಬ್ಬಿ ಜಾಗ ಬದಲಿಸಿದವರಿಗೆ ಆ ಹೊತ್ತು ಊಟವಿಲ್ಲ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳಲ್ಲಿ ಒಬ್ಬ ಡಬ್ಬಿಯನ್ನು ಸಕ್ಕರೆ ಪಕ್ಕ ಇಟ್ಟ ದಿನದ ಪಾಯಸವನ್ನು ಮನೆಯವರು ಇನ್ನೂ ಮರೆತಿಲ್ಲ.

ನಾನು ಗ್ರಹ ಸ್ಫೋಟ, ಕಡಲ್ಗಳ್ಳರು ಎಂದೆಲ್ಲ ಹೆಣಗುತ್ತಿದ್ದಾಗ ಈ ಪಾಯಸದೊಳಗೆ ಇಡೀ ಒಂದು ಪ್ರಸಂಗ ಕೂತಿತ್ತು. ಈ ಆಟದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯುವಾಗ ಹಡಗು ಸುಮಾರು ಒಂದು ವಾರ ಎಲ್ಲೂ ನಿಲ್ಲಲಾಗದು, ಯಾರನ್ನೂ ಇಳಿಸಲಾಗದು. ಆ ಒಂದು ವಾರ ಹೊಗೆಬಂಡಿಯಲ್ಲಿ ಒಬ್ಬ ಸಂಭಾವಿತ ಪ್ರಯಾಣಿಕ. ಬಹಳ ಒಳ್ಳೆಯವನು. ಎಲ್ಲವನ್ನೂ ‘ಸರಿಯಾಗಿ ಜೋಡಿಸಿಡುವ’ ಚಟ ಅಷ್ಟೇ. ಓಣಿಯಲ್ಲಿ ಆಮ್ಲಜನಕದ ಸಿಲಿಂಡರು ಎರಡಡಿ ಸರಿಯಿತು. ಉಪಕರಣದ ಕಪಾಟಿನಲ್ಲಿ ಸ್ಪ್ಯಾನರುಗಳು ಗಾತ್ರದ ಪ್ರಕಾರ ಸಾಲಾದವು. ಅದಕ್ಕಿಂತ ಕೆಟ್ಟದ್ದು, ಭಾಗೀರಥಿಗೆ ‘ಸಹಾಯ’ ಮಾಡಲು ಅವಳ ತೋಳು ಹಿಡಿದು ಎಳೆಯುತ್ತಿದ್ದ. ತೂಕವಿಲ್ಲದ ಓಣಿಯಲ್ಲಿ ಹಾಗೆ ಎಳೆದರೆ ಇಬ್ಬರೂ ಬುಗುರಿಯಾಗುತ್ತಾರೆ. ನೆಲದ ಮೇಲೂ ಅದು ತಪ್ಪೇ ಎಂದು ಬ್ಯಾಂಕಿನ ಗೆಳೆಯರು ತೋರಿಸಿಕೊಟ್ಟಿದ್ದರು: ಅವರು ನನ್ನ ಮೊಣಕೈ ಮೇಲೆ ಹಗುರಾಗಿ ಬೆರಳಿಟ್ಟು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಹಿಡಿಯುವವರು ಅವರು. ನನ್ನ ಕೆಲಸ ಮೊಣಕೈ ಕೊಡುವುದು, ಮೆಟ್ಟಿಲು ಬಂದಾಗ ಹೇಳುವುದು.

ಒಂದು ಗುಂಡು ಹಾರಲಿಲ್ಲ, ಒಂದು ಗ್ರಹ ಸಿಡಿಯಲಿಲ್ಲ. ನಾವು ಆಡಿದ ಅತ್ಯುತ್ತಮ ಸಂಜೆ ಅದು ಎಂದು ಮೇಷ್ಟ್ರು ಈಗಲೂ ಹೇಳುತ್ತಾರೆ.

8. ಕರೆದಮೇಲೆ, ಬಂದವರಿಗೆ ಪಾತ್ರ ಹಂಚಬೇಡಿ.

ಒಂದು ದಿನ ಧೈರ್ಯ ಮಾಡಿ ಬ್ಯಾಂಕಿನ ಗೆಳೆಯರನ್ನು ಆಟಕ್ಕೇ ಕರೆದೆ. ಹುಡುಗಿ ಊರಿಗೆ ಹೋಗಿದ್ದಳು. ಭಾಗೀರಥಿಯ ಹಾಳೆಯನ್ನು ಅವರಿಗೆ ಕಳಿಸಿ, ‘ನಿಮಗೆ ಹೇಳಿ ಮಾಡಿಸಿದ ಪಾತ್ರ’ ಎಂದು ಸಂದೇಶ ಬರೆದೆ. ಎರಡು ತಪ್ಪು ಒಟ್ಟಿಗೆ. ಮೊದಲನೆಯದು, ನಾನು ಕಳಿಸಿದ್ದು ಹಾಳೆಯ ಫೋಟೋ. ಅವರ ಫೋನು ಅದನ್ನು ‘ಚಿತ್ರ’ ಎಂದಷ್ಟೇ ಓದಿತು. ನಾಚಿ, ಟೈಪ್ ಮಾಡಿ ಕಳಿಸಿದೆ. ನನ್ನ ಕಂಪ್ಯೂಟರಿನಲ್ಲಿದ್ದದ್ದು ಯುನಿಕೋಡ್ ಬರುವ ಮುಂಚಿನ ಕನ್ನಡ ಫಾಂಟು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವರ ಫೋನು ಅದನ್ನು ಓದಿದ ಧ್ವನಿಮುದ್ರಿಕೆಯನ್ನು ನನಗೆ ವಾಪಸು ಕಳಿಸಿದರು. ಯಾವುದೋ ಅನ್ಯಗ್ರಹದ ಮಂತ್ರದ ಹಾಗಿತ್ತು. ಅದನ್ನು ಆಮೇಲೆ ಒಂದು ಪ್ರಸಂಗದಲ್ಲಿ ಬಳಸಿಕೊಂಡಿದ್ದೇನೆ, ಅವರ ಒಪ್ಪಿಗೆ ಪಡೆದು.

ಎರಡನೆಯ ತಪ್ಪನ್ನು ಅವರು ಬಂದು ಕೂತಮೇಲೆ ತಿದ್ದಿದರು. ‘ಪೈಲಟ್ಟು ಬೇಡ ಸಾರ್. ವಾರವಿಡೀ ಕುರುಡನಾಗೇ ಇರ್ತೀನಿ. ಭಾನುವಾರ ಒಂದು ದಿನ ಕಳ್ಳನಾಗ್ತೀನಿ.’

ಹೊಗೆಬಂಡಿಗೆ ದಲ್ಲಾಳಿಯಾದರು. ಎರಡು ಕಣ್ಣೂ ಚುರುಕಾಗಿರುವ, ಎರಡು ಲೆಕ್ಕದ ಪುಸ್ತಕ ಇಡುವ ದಲ್ಲಾಳಿ. ಹಡಗು ಮೊದಲ ಸಲ ಲಾಭ ಕಂಡಿದ್ದು ಅವರ ಕಾಲದಲ್ಲಿ. ಭಾಗೀರಥಿ ರಜೆಯಿಂದ ಬಂದಮೇಲೆ ಇಬ್ಬರಿಗೂ ಒಂದು ಕ್ಷಣವೂ ಸರಿಬರುವುದಿಲ್ಲ.

9. ಅಟ್ಟದ ಮೇಲಿರುವ ಅಳಗುಳಿಮಣೆಯನ್ನು ಇಳಿಸಿ.

ಬ್ಯಾಂಕಿನ ಗೆಳೆಯರು ಬಂದ ಮೊದಲ ದಿನ ನನ್ನ ದಾಳಗಳನ್ನು ಅವರ ಕೈಗೆ ಕೊಟ್ಟೆ. ವಿದೇಶದಿಂದ ತರಿಸಿದ್ದು, ಹೊಳೆಯುವ ನೀಲಿ, ಒಳಗೆ ಚಿನ್ನದ ಪುಡಿ. ಅವರು ಹೆಬ್ಬೆರಳಲ್ಲಿ ಉಜ್ಜಿ, ‘ಇದರಲ್ಲಿ ಏನೂ ಬರೆದಿಲ್ವಲ್ಲ’ ಎಂದರು. ಅಂಕಿಗಳನ್ನು ಬಣ್ಣದಲ್ಲಿ ಅಚ್ಚು ಹಾಕಿ ಮೇಲೆ ನುಣುಪಾಗಿ ಮೆರುಗು ಕೊಟ್ಟಿದ್ದರು. ಮಗಳ ಲೂಡೋ ಪೆಟ್ಟಿಗೆಯಿಂದ ಎರಡು ಬಿಳಿ ದಾಳ ತಂದೆ. ಅದರಲ್ಲಿ ಚುಕ್ಕೆಗಳಿಗೆ ಗುಳಿ ಕೊರೆದಿರುತ್ತಾರೆ. ಉರುಳಿಸಿ, ತಟ್ಟೆಯ ಅಂಚಿನಿಂದ ಬೆರಳು ಸರಿಸುತ್ತಾ ಹುಡುಕಿ, ಮೇಲ್ಮೈ ಸವರಿ ‘ಐದು, ಮೂರು. ಎಂಟು. ಗೆದ್ದೆ’ ಎಂದರು. ನಾವು ನೋಡಿ ಕೂಡಿಸುವ ಹೊತ್ತಿಗೆ ಹೇಳಿಯಾಗಿತ್ತು. ನನ್ನ ನೀಲಿ ದಾಳ ಅವತ್ತಿನಿಂದ ಶೋಕೇಸಿನಲ್ಲಿದೆ.

ತೊಡಕಾದದ್ದು ಯುದ್ಧದ ನಕ್ಷೆ. ನಾನು ಚಾಪೆಯ ಮೇಲೆ ಬಣ್ಣದ ಕಾಗದ ಹರಡಿ, ಮೇಲೆ ಚಿಕ್ಕ ಹಡಗಿನ ಬೊಂಬೆಗಳನ್ನು ಇಡುತ್ತಿದ್ದೆ. ಅವರು ಬೆರಳಿಟ್ಟಾಗೆಲ್ಲ ಕಾಗದ ಜಾರಿ ನೌಕಾಪಡೆಯೇ ದಿಕ್ಕಾಪಾಲಾಗುತ್ತಿತ್ತು. ‘ನಾವು ಚಿಕ್ಕವರಿದ್ದಾಗ ಅಜ್ಜಿ ಜೊತೆ ಅಳಗುಳಿಮಣೆ ಆಡ್ತಿದ್ವಿ’ ಎಂದರು ಅವರು, ಸುಮ್ಮನೆ ಮಾತಿಗೆ. ‘ಆ ಆಟಕ್ಕೆ ಕಣ್ಣೇ ಬೇಕಿಲ್ಲ.’

ಮಣೆ ನಮ್ಮ ಮನೆಯ ಅಟ್ಟದಲ್ಲೂ ಇತ್ತು, ಹಳೇ ಟ್ರಂಕಿನ ಹಿಂದೆ. ಇಳಿಸಿ ಧೂಳು ಒರೆಸಿ ನಡುವೆ ಇಟ್ಟೆವು. ಸಾಲಿಗೆ ಏಳು ಗುಳಿ, ಎರಡು ಸಾಲು. ಆಗ ಮೇಷ್ಟ್ರು ನಿಯಮದ ಪುಸ್ತಕ ಎಳೆದುಕೊಂಡು ದೂರದ ಪಟ್ಟಿ ಎಣಿಸತೊಡಗಿದರು. ಪಕ್ಕದಲ್ಲೇ, ಹತ್ತಿರ, ಕಿರುದೂರ, ಮಧ್ಯಮ, ದೂರ, ಬಹುದೂರ, ಅತಿದೂರ. ಏಳು. ‘ಏಳೇ ಉಂಟು ಮಾರಾಯ!’ ಎಂದು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿರಬೇಕು.

ಅವತ್ತಿನಿಂದ ನಮ್ಮ ಬಾಹ್ಯಾಕಾಶ ಯುದ್ಧವೆಲ್ಲ ಅಳಗುಳಿಮಣೆಯಲ್ಲಿ. ಮೊದಲ ಗುಳಿಯಲ್ಲಿ ನಾವು, ಅಲ್ಲಿಂದ ಎಷ್ಟನೇ ಗುಳಿಯಲ್ಲಿ ಶತ್ರುವೋ ಅಷ್ಟು ದೂರ. ಹಡಗಿಗೆ ಕವಡೆ, ಕ್ಷಿಪಣಿಗೆ ಹುಣಸೆ ಬೀಜ. ಎರಡು ಶತ್ರುಗಳಿದ್ದರೆ ಎರಡನೇ ಸಾಲು. ಭಾಗೀರಥಿಯನ್ನು ಆಡುವ ಹುಡುಗಿ ಈಗ ಯುದ್ಧದಲ್ಲಿ ಕಣ್ಣು ಮುಚ್ಚಿಕೊಂಡು ಮಣೆಯ ಮೇಲೆ ಬೆರಳಾಡಿಸುತ್ತಾಳೆ. ಕಣ್ಣು ಕಟ್ಟಿಕೊಂಡು ‘ಅನುಭವ’ ಪಡೆಯುವ ನಾಟಕ ಅದಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಾಳೆ. ಬೆರಳಿಗೆ ಗುಳಿ ಸಿಕ್ಕಾಗ ದೂರ ಬೇಗ ತಲೆಗೆ ಹೋಗುತ್ತದೆಯಂತೆ.

10. ಗಾದೆಗಳ ಮೇಲೆ ಒಂದು ಕಣ್ಣಿಡಿ.

ನೋಡಿ, ಬರೆಯುವಾಗಲೇ ಬಂತು. ನಮ್ಮ ಭಾಷೆಯಲ್ಲಿ ಕಣ್ಣು ಎಲ್ಲೆಲ್ಲೂ ಇದೆ, ಕುರುಡು ಅನ್ನುವುದು ಬೈಗುಳವಾಗಿಯೇ ಹೆಚ್ಚು. ನನ್ನ ಖಳನಾಯಕರೆಲ್ಲ ಭಾಗೀರಥಿಯನ್ನು ಕಂಡಕೂಡಲೇ ಕಣ್ಣಿನ ಮೇಲೆ ಒಂದು ಮಾತು ಒಗೆಯುತ್ತಿದ್ದರು. ಲೋಕ ಕ್ರೂರವಾಗಿದೆ ಎಂದು ತೋರಿಸುವುದು ನನ್ನ ಉದ್ದೇಶ. ಐದು ಗಂಟೆ ಕೂತು ಅದನ್ನೇ ಕೇಳುವವರಿಗೆ ಅದು ರೆಫರಿಯ ಗೊಣಗಾಟ ಅಷ್ಟೇ. ಈಗ ಖಳನಾಯಕರು ಅವಳ ಸಾಲದ ಬಗ್ಗೆ ಮಾತಾಡುತ್ತಾರೆ. ಅದು ಹೆಚ್ಚು ನೋಯಿಸುತ್ತದೆ. ಹಾಗೆಂದು ಮಾತನ್ನು ತೀರಾ ತೊಳೆದಿಟ್ಟರೆ ಗೆಳೆಯರೇ ರೇಗುತ್ತಾರೆ. ಟಿವಿ ‘ಕೇಳಿದ್ರಾ’ ಎಂದು ನಾನು ಎಚ್ಚರದಿಂದ ವಿಚಾರಿಸಿದಾಗ, ‘ನೋಡ್ದೆ ಸಾರ್, ಬಿಡಿ’ ಎಂದಿದ್ದರು.

ಕಳೆದ ಭಾನುವಾರ ಹೊಗೆಬಂಡಿ ಹೊಸದೊಂದು ಲೋಕ ತಲುಪಿತು. ಮೂರು ವಾರದ ಪ್ರಯಾಣ, ಇಂಧನ ತಳ ಕಂಡಿತ್ತು. ನನಗೂ ಮೈಮರೆಯಿತು. ‘ನಿಮ್ಮ ಮುಂದೆ ಅಗಾಧವಾದ ನೀಲಿ ಗ್ರಹ ಕಾಣ್ತಾ ಇದೆ. ಅಂಚಿನಲ್ಲಿ ಬೆಳ್ಳಿ ಗೆರೆಯ ಹಾಗೆ ಬೆಳಕು...’ ಎಂದವನು ಅಲ್ಲೇ ನಿಂತೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮೇಷ್ಟ್ರು ಆಗಲೇ ಹಾರ್ಲಿಕ್ಸ್ ಡಬ್ಬಿಗೆ ಕೈಚಾಚಿದ್ದರು.

‘ನೀಲಿ ಇರ್ಲಿ ಸಾರ್’ ಎಂದರು ದಲ್ಲಾಳಿ, ಪಾತ್ರದ ದನಿಯಲ್ಲಿ, ಬೆರಳಲ್ಲಿ ಕವಡೆ ತಿರುಗಿಸುತ್ತಾ. ‘ಕೆಳಗೆ ಈರುಳ್ಳಿ ರೇಟು ಎಷ್ಟಿದೆ, ಅದು ಹೇಳಿ.’

ಡಬ್ಬಿಗೆ ಹತ್ತು ರೂಪಾಯಿ ಹಾಕಿ, ಈರುಳ್ಳಿಯ ರೇಟಿಗೆ ದಾಳ ಉರುಳಿಸಿದೆ.